ಅಮೆರಿಕದ ಮೇಲ್ ಮತ್ತು ಎಕ್ಸ್‌ಪ್ರೆಸ್ ರೈಲುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಪ್ಪತ್ತನೆಯ ಶತಮಾನದ ನಡುಗಾಲದ ಅಮೆರಿಕದ ರೈಲು ಎಂದೊಡನೆ ಕಣ್ಣ ಮುಂದೆ ಬರುವುದು ಮಿರುಗುವ ಉಕ್ಕಿನ ಬೋಗಿಗಳು, ಗಾಜಿನ ಗುಮ್ಮಟ, ಬಿಳಿ ಬಟ್ಟೆ ಹಾಸಿದ ಊಟದ ಮೇಜು. ರೈಲ್ವೇ ಕಂಪನಿಗಳ ಜಾಹೀರಾತುಗಳು ಅದನ್ನೇ ತೋರಿಸಿದವು. ಇಂಜಿನ್ನಿಗೆ ತಗುಲಿಕೊಂಡೇ ಸಾಗುತ್ತಿದ್ದ, ಕಿಟಕಿಗಳು ಇದ್ದೂ ಇಲ್ಲದಂತಿದ್ದ ಬೋಗಿಗಳನ್ನು ಯಾವ ಚಿತ್ರಕಾರನೂ ಆಸೆಯಿಂದ ಬರೆಯಲಿಲ್ಲ. ಆದರೆ ಆ ಕಾಲದ ಬಹಳಷ್ಟು ಪ್ರಯಾಣಿಕರ ರೈಲುಗಳನ್ನು ಸಾಕಿದ್ದು ಅವೇ. ಅಲ್ಲಿದ್ದ ಅಂಚೆ ಮತ್ತು ಪಾರ್ಸೆಲ್ ಕೈತಪ್ಪಿದಾಗ ಹಿಂದಿನ ಬೋಗಿಗಳೂ ಉಳಿಯಲಿಲ್ಲ. ಕೆಳಗಿನ ಉತ್ತರಗಳು ಹೆಚ್ಚಾಗಿ 1940ರಿಂದ 1970ರವರೆಗಿನ ಕಾಲಕ್ಕೆ ಸೇರಿದವು. ಬೇರು ತೋರಿಸಬೇಕಾದ ಕಡೆ ಹಿಂದಕ್ಕೂ ಹೋಗಿದ್ದೇನೆ.

‘ಮೇಲ್ ಮತ್ತು ಎಕ್ಸ್‌ಪ್ರೆಸ್’ ಎಂದರೆ ನಮ್ಮ ಬೆಂಗಳೂರು ಮೇಲ್‌ನಂಥ ರೈಲುಗಳೇ?

ಅಲ್ಲ. ನಮ್ಮಲ್ಲಿ ಈ ಹೆಸರುಗಳು ಪ್ರಯಾಣಿಕರ ರೈಲಿನ ದರ್ಜೆಯನ್ನು ಹೇಳುತ್ತವೆ. ಅಮೆರಿಕದಲ್ಲಿ ಅವು ಎರಡು ಬಗೆಯ ಸಾಗಣೆಯನ್ನು ಹೇಳುತ್ತಿದ್ದವು. ಮೇಲ್ ಎಂದರೆ ಸರ್ಕಾರಿ ಅಂಚೆ: ಕಾಗದ, ಪತ್ರಿಕೆ, ಅಂಚೆ ಪಾರ್ಸೆಲ್. ಎಕ್ಸ್‌ಪ್ರೆಸ್ ಎಂದರೆ ಖಾಸಗಿ ಸಂಸ್ಥೆ ಒಪ್ಪಿಕೊಂಡು, ಪ್ರಯಾಣಿಕರ ರೈಲಿನ ವೇಗದಲ್ಲೇ ತಲುಪಿಸುತ್ತಿದ್ದ ತುರ್ತು ಸರಕು. ಎರಡನ್ನೂ ಹೊತ್ತ ಬೋಗಿಗಳು ಸಾಮಾನ್ಯ ಪ್ರಯಾಣಿಕರ ರೈಲಿನ ಮುಂಭಾಗದಲ್ಲಿ ಇರುತ್ತಿದ್ದವು. ಸಾಗಣೆ ದಟ್ಟವಾಗಿದ್ದ ಮಾರ್ಗಗಳಲ್ಲಿ ಇಡೀ ರೈಲೇ ಅವುಗಳಿಗಾಗಿ ಓಡುತ್ತಿತ್ತು. ಅಂಥ ರೈಲಿನ ಬಾಲಕ್ಕೆ ಸಿಬ್ಬಂದಿ ಕೂರಲು ಒಂದು ಹಳೆಯ ಬೋಗಿ ಇದ್ದರೆ ಸಾಕಾಗುತ್ತಿತ್ತು.

ಎಕ್ಸ್‌ಪ್ರೆಸ್ ವ್ಯವಹಾರವನ್ನು ನಡೆಸುತ್ತಿದ್ದವರು ಯಾರು?

ಹತ್ತೊಂಬತ್ತನೆಯ ಶತಮಾನದಲ್ಲಿ ಆಡಮ್ಸ್, ಅಮೆರಿಕನ್, ಸದರ್ನ್, ವೆಲ್ಸ್ ಫಾರ್ಗೋ ಮುಂತಾದ ಪ್ರತ್ಯೇಕ ಕಂಪನಿಗಳಿದ್ದವು. ಮೊದಲ ಮಹಾಯುದ್ಧದ ಕಾಲದಲ್ಲಿ ಸರ್ಕಾರ ರೈಲ್ವೆಗಳನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಾಗ, 1918ರಲ್ಲಿ, ಇವುಗಳ ಎಕ್ಸ್‌ಪ್ರೆಸ್ ವ್ಯವಹಾರ ಒಂದಾಗಿ ಅಮೆರಿಕನ್ ರೈಲ್ವೇ ಎಕ್ಸ್‌ಪ್ರೆಸ್ ಕಂಪನಿ ಹುಟ್ಟಿತು. 1929ರಲ್ಲಿ ರೈಲ್ವೇ ಕಂಪನಿಗಳೇ ಸೇರಿ ಅದನ್ನು ಕೊಂಡು ರೈಲ್ವೇ ಎಕ್ಸ್‌ಪ್ರೆಸ್ ಏಜೆನ್ಸಿ ಎಂದು ಹೆಸರಿಟ್ಟವು. ದೇಶದ ಊರೂರುಗಳಲ್ಲಿ ಓಡಾಡುತ್ತಿದ್ದ ಅದರ ಹಸಿರು ಲಾರಿಗಳೂ ವಜ್ರಾಕಾರದ ಕೆಂಪು ಗುರುತೂ ಎಲ್ಲರಿಗೂ ಪರಿಚಿತವಾಗಿದ್ದವು.

ಏಜೆನ್ಸಿಗೆ ಲಾಭ ಉಳಿಸಿಕೊಳ್ಳುವ ಉದ್ದೇಶವೇ ಇರಲಿಲ್ಲ. ತನ್ನ ಖರ್ಚು ಕಳೆದು ಉಳಿದದ್ದನ್ನು ಸಾಗಿಸಿದ ರೈಲ್ವೆಗಳಿಗೆ ಹಂಚುತ್ತಿತ್ತು. ಸರಕು ಹೇರಳವಾಗಿದ್ದಾಗ ಇದು ಒಳ್ಳೆಯ ಏರ್ಪಾಡು. ಆದರೆ ಸಂಕಷ್ಟ ಬಂದಾಗ ಹೊಸ ದಾರಿ ಹುಡುಕಲು ಬೇಕಾದ ಸ್ವಂತ ಬಂಡವಾಳ ಏಜೆನ್ಸಿಯ ಬಳಿ ಇರಲಿಲ್ಲ. ಅದರ ಮುಂದಿನ ದುರ್ಗತಿಯ ಬೀಜ ಇಲ್ಲಿಯೇ ಬಿದ್ದಿತ್ತು ಎಂಬುದು ನನ್ನ ಅಭಿಪ್ರಾಯ.

ಈ ಬೋಗಿಗಳು ಇಂಜಿನ್ನಿನ ಹಿಂದೆಯೇ ಏಕೆ ಇರುತ್ತಿದ್ದವು?

ಅಂಚೆ ಬೋಗಿಯೊಳಗೆ ಹೊರಗಿನವರು ಕಾಲಿಡುವಂತಿರಲಿಲ್ಲ. ಅದನ್ನು ರೈಲಿನ ನಡುವೆ ಇಟ್ಟಿದ್ದರೆ ಪ್ರಯಾಣಿಕರು ಬೋಗಿಯಿಂದ ಬೋಗಿಗೆ ಓಡಾಡುವುದೇ ನಿಂತುಹೋಗುತ್ತಿತ್ತು. ಮುಂದೆ ಇದ್ದರೆ ದಾರಿಯ ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಅಲುಗಾಡಿಸದೆ ಬೋಗಿಗಳನ್ನು ಬಿಚ್ಚುವುದೂ ಸೇರಿಸುವುದೂ ಸುಲಭ. ಇಂಜಿನ್ನಿನ ಹೊಗೆ, ಸದ್ದು, ಕಿಡಿಗಳಿಂದ ಪ್ರಯಾಣಿಕರು ಅಷ್ಟು ದೂರವಾದರು.

ಇದರ ಬೆಲೆಯನ್ನು ತೆತ್ತವರು ಒಳಗೆ ಕೆಲಸ ಮಾಡುತ್ತಿದ್ದ ಗುಮಾಸ್ತರು. ರೈಲು ಎದುರಿಗೆ ಡಿಕ್ಕಿ ಹೊಡೆದರೆ ಮೊದಲು ನುಜ್ಜುಗುಜ್ಜಾಗುತ್ತಿದ್ದುದು ಅವರ ಬೋಗಿ. ಮರದ ಬೋಗಿಗಳ ಕಾಲದಲ್ಲಿ ಸಾವುನೋವು ಭೀಕರವಾಗಿತ್ತು. 1903ರ ಸೆಪ್ಟೆಂಬರ್ 27ರಂದು ವರ್ಜೀನಿಯಾದ ಡ್ಯಾನ್‌ವಿಲ್ ಬಳಿ ಸದರ್ನ್ ರೈಲ್ವೆಯ 97ನೇ ಸಂಖ್ಯೆಯ ಫಾಸ್ಟ್ ಮೇಲ್, ತಡವಾದ ಹೊತ್ತನ್ನು ಹಿಡಿಯಲು ಓಡಿ, ತಿರುವಿನ ಸೇತುವೆಯಿಂದ ಕೆಳಗೆ ಬಿತ್ತು. 11 ಜನ ಸತ್ತರು. ಇಂಥ ದುರಂತಗಳ ನಂತರ ಅಂಚೆ ಬೋಗಿಗಳನ್ನು ಉಕ್ಕಿನಿಂದಲೇ ಕಟ್ಟಬೇಕೆಂಬ ನಿಯಮ ಬಂತು.

ಓಡುವ ಅಂಚೆ ಕಚೇರಿ ಹೇಗೆ ಶುರುವಾಯಿತು?

ಅಮೆರಿಕದ ಸಂಸತ್ತು 1838ರಲ್ಲೇ ಎಲ್ಲ ರೈಲು ಮಾರ್ಗಗಳನ್ನು ಅಂಚೆ ಮಾರ್ಗಗಳೆಂದು ಘೋಷಿಸಿತ್ತು. ಆದರೆ ಆಗ ರೈಲು ಚೀಲವನ್ನು ಹೊರುತ್ತಿತ್ತು, ಅಷ್ಟೆ. ಚೀಲ ದೊಡ್ಡ ಊರಿನ ಕಚೇರಿಯಲ್ಲಿ ಬಿಚ್ಚಿಕೊಂಡು, ವಿಂಗಡಣೆಯಾಗಿ, ಮತ್ತೆ ಕಟ್ಟಿಸಿಕೊಂಡು ಮುಂದಿನ ರೈಲು ಹಿಡಿಯುವಷ್ಟರಲ್ಲಿ ದಿನ ಕಳೆಯುತ್ತಿತ್ತು. 1862ರಲ್ಲಿ ಮಿಸೌರಿಯ ಹ್ಯಾನಿಬಲ್–ಸೇಂಟ್ ಜೋಸೆಫ್ ಮಾರ್ಗದಲ್ಲಿ, ಪಶ್ಚಿಮಕ್ಕೆ ಹೋಗುವ ಅಂಚೆಯನ್ನು ರೈಲಿನಲ್ಲೇ ವಿಂಗಡಿಸುವ ಪ್ರಯೋಗ ನಡೆಯಿತು. 1864ರ ಆಗಸ್ಟ್ 28ರಂದು ಷಿಕಾಗೋ ಅಂಚೆ ಕಚೇರಿಯ ಜಾರ್ಜ್ ಆರ್ಮ್‌ಸ್ಟ್ರಾಂಗ್ ಅವರ ಪ್ರಯತ್ನದಿಂದ ಷಿಕಾಗೋ ಮತ್ತು ಐಯೋವಾದ ಕ್ಲಿಂಟನ್ ನಡುವೆ ಮೊದಲ ಅಧಿಕೃತ ರೈಲ್ವೇ ಪೋಸ್ಟ್ ಆಫೀಸ್ ಓಡಿತು.

ಪ್ರಯಾಣದ ಹೊತ್ತೇ ವಿಂಗಡಣೆಯ ಹೊತ್ತೂ ಆದಾಗ ಕಾಗದ ಎಲ್ಲಿಯೂ ಕಾಯಬೇಕಾಗಿಲ್ಲ. ಸಂಜೆ ಊರಿನ ಡಬ್ಬಿಗೆ ಹಾಕಿದ ಕಾಗದ ರಾತ್ರಿಯೆಲ್ಲ ಓಡುತ್ತಲೇ ವಿಂಗಡಣೆಯಾಗಿ, ನೂರಾರು ಮೈಲಿ ಆಚೆಯ ಮನೆಗೆ ಮರುದಿನ ತಲುಪುತ್ತಿತ್ತು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಮನುಷ್ಯ ಕಟ್ಟಿದ ಅತ್ಯುತ್ತಮ ವ್ಯವಸ್ಥೆಗಳ ಸಾಲಿನಲ್ಲಿ ಇದನ್ನು ನಾನು ಇಡುತ್ತೇನೆ.

ಬೋಗಿಯ ಒಳಗೆ ಏನಿತ್ತು, ಏನು ನಡೆಯುತ್ತಿತ್ತು?

ಪೂರ್ಣ ಪ್ರಮಾಣದ ಬೋಗಿಯಲ್ಲಿ ಕೆಲಸದ ಜಾಗ 60 ಅಡಿ ಉದ್ದ. ಅಂಚೆ ಕಡಿಮೆ ಇದ್ದ ಮಾರ್ಗಗಳಲ್ಲಿ 30 ಅಥವಾ 15 ಅಡಿಯ ಕೋಣೆಯನ್ನು ಸರಂಜಾಮಿನ ಬೋಗಿಯೊಳಗೇ ಮಾಡಿರುತ್ತಿದ್ದರು. ಒಂದು ಕಡೆ ಗೋಡೆಯ ತುಂಬ ಕಾಗದಗಳಿಗಾಗಿ ಸಣ್ಣ ಸಣ್ಣ ಗೂಡುಗಳು. ಇನ್ನೊಂದು ಕಡೆ ಕಬ್ಬಿಣದ ಚೌಕಟ್ಟಿಗೆ ಬಾಯಿ ತೆರೆದು ತೂಗುಹಾಕಿದ ಚೀಲಗಳ ಸಾಲು. ಪತ್ರಿಕೆಗಳನ್ನೂ ಪಾರ್ಸೆಲ್‌ಗಳನ್ನೂ ದೂರದಿಂದಲೇ ಆ ಬಾಯಿಗಳಿಗೆ ಎಸೆಯುತ್ತಿದ್ದರು. ಬೋಗಿಯ ಹೊರಮೈಯಲ್ಲಿ ಕಾಗದ ಹಾಕುವ ಸೀಳು ಇರುತ್ತಿತ್ತು. ರೈಲು ನಿಂತಾಗ ಯಾರಾದರೂ ಓಡಿ ಬಂದು ಅದರೊಳಗೆ ಕಾಗದ ಹಾಕಬಹುದಿತ್ತು, ಅದು ಅಲ್ಲಿಯೇ ಮುದ್ರೆ ಹಾಕಿಸಿಕೊಳ್ಳುತ್ತಿತ್ತು.

ಗುಮಾಸ್ತರ ಕೆಲಸ ರೈಲು ಹೊರಡುವುದಕ್ಕೆ ಎಷ್ಟೋ ಹೊತ್ತು ಮುಂಚೆ, ನಿಲ್ದಾಣದಲ್ಲಿ ನಿಂತ ಬೋಗಿಯಲ್ಲೇ ಆರಂಭವಾಗುತ್ತಿತ್ತು. ಹೊರಟ ಮೇಲೆ ತೂಗಾಡುವ ನೆಲದ ಮೇಲೆ ಇಡೀ ಪಾಳಿ ನಿಂತೇ ಇರಬೇಕು. ಕಟ್ಟನ್ನು ಬಿಚ್ಚಿ, ವಿಳಾಸದ ಮೇಲೆ ಕಣ್ಣಾಡಿಸಿ, ಸರಿಯಾದ ಗೂಡಿಗೆ ಸೇರಿಸುವುದು ಕ್ಷಣದ ಕೆಲಸ. ಸೇರಿಸಿದ ಕಾಗದಗಳನ್ನು ಮತ್ತೆ ಕಟ್ಟು ಕಟ್ಟಿ, ಮೇಲೆ ತನ್ನ ಹೆಸರಿನ ಮೊಹರಿದ್ದ ಚೀಟಿ ಇಡುತ್ತಿದ್ದರು. ಕಟ್ಟಿನಲ್ಲಿ ತಪ್ಪು ಕಾಗದ ಸಿಕ್ಕಿದರೆ ಆ ಚೀಟಿಯ ಹಿಂದೆ ಬರೆದು ಮೇಲಧಿಕಾರಿಗೆ ಕಳುಹಿಸುತ್ತಿದ್ದರು. ಯಾರ ತಪ್ಪು ಎಂಬುದು ಎಲ್ಲಿಯೂ ಮುಚ್ಚಿಹೋಗುತ್ತಿರಲಿಲ್ಲ.

ಗುಮಾಸ್ತರಿಗೆ ಅಷ್ಟೊಂದು ಊರುಗಳು ನೆನಪಿರುತ್ತಿದ್ದುದು ಹೇಗೆ?

ಬಾಯಿಪಾಠದಿಂದ. ಒಂದು ರಾಜ್ಯದಲ್ಲಿ ಸಾವಿರಾರು ಅಂಚೆ ಕಚೇರಿಗಳು. ಊರಿನ ಹೆಸರು ಕಂಡೊಡನೆ ಅದು ಯಾವ ಮಾರ್ಗಕ್ಕೆ ಸೇರಿದ್ದು, ಯಾವ ಕೂಡುನಿಲ್ದಾಣದಲ್ಲಿ ಯಾವ ರೈಲಿಗೆ ದಾಟಿಸಬೇಕು ಎಂಬುದು ಹೊಳೆಯಬೇಕು. ರೈಲಿನ ವೇಳಾಪಟ್ಟಿ ಬದಲಾದರೆ ಉತ್ತರವೂ ಬದಲಾಗುತ್ತಿತ್ತು. ಗುಮಾಸ್ತರು ಮನೆಯಲ್ಲಿ ಪುಟ್ಟ ಗೂಡುಗಳ ಅಭ್ಯಾಸಪೆಟ್ಟಿಗೆ ಇಟ್ಟುಕೊಂಡು, ಒಂದೊಂದು ಊರಿನ ಹೆಸರು ಬರೆದ ಸಣ್ಣ ಕಾರ್ಡುಗಳನ್ನು ಹಾಕಿ ತೆಗೆದು ಕಲಿಯುತ್ತಿದ್ದರು. ಪರೀಕ್ಷೆಗಳು ಕೆಲಸಕ್ಕೆ ಸೇರಿದ ಮೇಲೂ ಮುಗಿಯುತ್ತಿರಲಿಲ್ಲ, ಮತ್ತು ತೇರ್ಗಡೆಗೆ 97 ಪ್ರತಿಶತ ಬೇಕಿತ್ತು. ಕೆಲವು ದಿನ ರೈಲಿನ ಮೇಲೆ, ಕೆಲವು ದಿನ ಮನೆಯಲ್ಲಿ ಎಂಬ ಪಾಳಿ ಅವರದು. ಮನೆಯ ದಿನಗಳನ್ನು ರಜೆ ಎಂದು ಅಸೂಯೆಪಟ್ಟವರಿಗೆ ಈ ಓದು ಕಾಣುತ್ತಿರಲಿಲ್ಲ.

ಇವರು ರೈಲ್ವೆಯ ನೌಕರರಲ್ಲ, ಕೇಂದ್ರ ಸರ್ಕಾರದ ಅಂಚೆ ನೌಕರರು. ಬೋಗಿ ರೈಲ್ವೆಯದು, ಒಳಗಿನ ಅಧಿಕಾರ ಅಂಚೆಯದು.

ಆ ಕೆಲಸದಲ್ಲಿ ಕಪ್ಪು ಜನರಿಗೆ ಅವಕಾಶವಿತ್ತೇ?

ಇತ್ತು, ಹೋರಾಟದೊಂದಿಗೆ. ಅಂತರ್ಯುದ್ಧದ ನಂತರದ ದಶಕಗಳಲ್ಲಿ ಓದಿದ ಕಪ್ಪು ಯುವಕರಿಗೆ ತೆರೆದಿದ್ದ ಕೆಲವೇ ಗೌರವದ ಸರ್ಕಾರಿ ಹುದ್ದೆಗಳಲ್ಲಿ ಇದೊಂದು. ಬೋಗಿಗಳು ಮರದವಾಗಿದ್ದು ಅಪಾಯ ಹೆಚ್ಚಿದ್ದಾಗ ಬಿಳಿಯರಿಗೆ ಈ ಕೆಲಸದ ಮೇಲೆ ಅಷ್ಟು ಆಸೆ ಇರಲಿಲ್ಲ. ಉಕ್ಕಿನ ಬೋಗಿಗಳು ಬಂದು ಜೀವಭಯ ಕಡಿಮೆಯಾದ ಕಾಲಕ್ಕೇ ಕಪ್ಪು ಗುಮಾಸ್ತರನ್ನು ಹೊರದೂಡುವ ಪ್ರಯತ್ನಗಳು ಬಲಗೊಂಡವು. ಗುಮಾಸ್ತರ ಸಂಘ ಅವರಿಗೆ ಬಾಗಿಲು ಮುಚ್ಚಿತು. ಅವರು 1913ರಲ್ಲಿ ಟೆನೆಸ್ಸಿಯ ಚಟನೂಗದಲ್ಲಿ ಸೇರಿ ನ್ಯಾಷನಲ್ ಅಲಯನ್ಸ್ ಆಫ್ ಪೋಸ್ಟಲ್ ಎಂಪ್ಲಾಯೀಸ್ ಎಂಬ ತಮ್ಮದೇ ಸಂಘ ಕಟ್ಟಿದರು. ಆ ಸಂಘ ಮುಂದೆ ಇತರ ಅಂಚೆ ನೌಕರರಿಗೂ ಬಾಗಿಲು ತೆರೆದು ಬೆಳೆಯಿತು. ರೈಲು ಅಭಿಮಾನಿಗಳ ಬರಹಗಳಲ್ಲಿ ಈ ಅಧ್ಯಾಯ ಕಾಣುವುದೇ ಅಪರೂಪ. ಅದು ಬದಲಾಗಬೇಕು.

ನಿಲ್ಲದ ರೈಲು ಅಂಚೆ ಚೀಲವನ್ನು ಎತ್ತಿಕೊಳ್ಳುತ್ತಿದ್ದುದು ನಿಜವೇ?

ನಿಜ. ದೊಡ್ಡ ರೈಲು ನಿಲ್ಲದ ಸಣ್ಣ ಊರುಗಳಲ್ಲಿ ಹಳಿಯ ಪಕ್ಕ ಕಬ್ಬಿಣದ ಕಂಬವೊಂದು ಇರುತ್ತಿತ್ತು. ರೈಲು ಬರುವ ಮುನ್ನ ಊರಿನ ಅಂಚೆಯವನು ಮೆಟ್ಟಿಲು ಹತ್ತಿ, ಅದರ ಎರಡು ತೋಳುಗಳ ನಡುವೆ ಚೀಲವನ್ನು ನೆಟ್ಟಗೆ ಕಟ್ಟುತ್ತಿದ್ದ. ಇದಕ್ಕೆಂದೇ ಹೊಲಿದ ಗಟ್ಟಿ ಕ್ಯಾನ್ವಾಸ್ ಚೀಲ ಅದು. ನಡುವಿಗೆ ಪಟ್ಟಿ ಬಿಗಿದು, ಕಾಗದಗಳ ಭಾರವನ್ನು ಮೇಲೂ ಕೆಳಗೂ ಹಂಚಿರುತ್ತಿದ್ದರು. ಬೋಗಿಯ ಬಾಗಿಲಿಗೆ ಅಡ್ಡಲಾಗಿ ಉಕ್ಕಿನ ಕೊಕ್ಕೆಯಿತ್ತು. ಗುಮಾಸ್ತ ಹಿಡಿಕೆಯನ್ನು ತಿರುಗಿಸಿದರೆ ಕೊಕ್ಕೆ ಹೊರಕ್ಕೆ ಚಾಚಿಕೊಂಡು, ಚೀಲದ ನಡುವನ್ನು ಹಿಡಿದು ಕಿತ್ತುಕೊಳ್ಳುತ್ತಿತ್ತು. ಅದೇ ಉಸಿರಿನಲ್ಲಿ ಆ ಊರಿಗೆ ಬಂದ ಚೀಲವನ್ನು ಹೊರಕ್ಕೆ ಒದೆಯಬೇಕು.

ಕೊಕ್ಕೆಯನ್ನು ಬೇಗ ಚಾಚಿದರೆ ಸಿಗ್ನಲ್ ಕಂಬಕ್ಕೋ ಸೇತುವೆಗೋ ಬಡಿಯುವ ಭಯ. ತಡವಾದರೆ ಆ ಊರಿನ ಅಂಚೆ ಅಂದು ಹೋಗಲೇ ಇಲ್ಲ. ಕತ್ತಲೆಯ ರಾತ್ರಿ, ಮಂಜು, ಹಿಮ ಯಾವುದೂ ನೆಪವಾಗುತ್ತಿರಲಿಲ್ಲ. ಅನುಭವಿಗಳು ತಿರುವಿನ ಓರೆಯಿಂದ, ಸೇತುವೆಯ ಸದ್ದಿನಿಂದ, ಇಂಜಿನ್ನಿನ ಸೀಟಿಯಿಂದ ಊರನ್ನು ಗುರುತಿಸುತ್ತಿದ್ದರು. ಹೊರಗೆ ಒದ್ದ ಚೀಲ ಕೆಲವೊಮ್ಮೆ ಗಾಳಿಯ ಸೆಳೆತಕ್ಕೆ ಗಾಲಿಗಳ ಅಡಿಗೆ ಹೋಗಿ ಕಾಗದಗಳು ಚೂರಾಗುತ್ತಿದ್ದುದೂ ಉಂಟು.

ನನ್ನನ್ನು ಈ ವಿಷಯದಲ್ಲಿ ಹೆಚ್ಚು ಸೆಳೆಯುವುದು ಕೊಕ್ಕೆಯ ಸಾಹಸವಲ್ಲ. ರೈಲು ನಿಲ್ಲಲಾರದಷ್ಟು ಸಣ್ಣ ಊರಿಗೂ ದೇಶದ ಅತಿವೇಗದ ರೈಲಿನ ಅಂಚೆ ಸೇವೆ ಸಿಗುತ್ತಿತ್ತು. ಒಂದು ಹಳ್ಳಿಯ ಕಾಗದಕ್ಕೂ ನ್ಯೂಯಾರ್ಕಿನ ಬ್ಯಾಂಕಿನ ಕಾಗದಕ್ಕೂ ಒಂದೇ ಬೋಗಿ, ಒಂದೇ ವೇಗ.

ಗುಮಾಸ್ತರ ಬಳಿ ಪಿಸ್ತೂಲು ಇರುತ್ತಿದ್ದುದು ಏಕೆ?

ನೋಂದಾಯಿತ ಅಂಚೆಯಲ್ಲಿ ಹಣ, ಷೇರುಪತ್ರ, ಒಡವೆ ಎಲ್ಲವೂ ಹೋಗುತ್ತಿದ್ದವು. 1923ರ ಅಕ್ಟೋಬರ್ 11ರಂದು ಆರೆಗಾನಿನ ಸಿಸ್ಕಿಯೂ ಬೆಟ್ಟಗಳ ಸುರಂಗದ ಬಳಿ ಡಿಆಟ್ರೆಮಾಂಟ್ ಸಹೋದರರು ಸದರ್ನ್ ಪೆಸಿಫಿಕ್ ರೈಲನ್ನು ತಡೆದು ಅಂಚೆ ಬೋಗಿಗೆ ಡೈನಮೈಟ್ ಇಟ್ಟರು. ಗುಮಾಸ್ತನೂ ಮೂವರು ರೈಲ್ವೆ ನೌಕರರೂ ಸತ್ತರು, ದರೋಡೆಕೋರರಿಗೆ ಒಂದು ಕಾಸೂ ಸಿಗಲಿಲ್ಲ. ಆ ದಶಕದಲ್ಲಿ ಅಂಚೆ ಕಾಯಲು ನೌಕಾದಳದ ಮೆರೀನ್ ಸೈನಿಕರನ್ನು ಎರಡು ಬಾರಿ ನಿಯೋಜಿಸಿದ್ದರು.

ನೋಂದಾಯಿತ ಅಂಚೆಯ ಮೇಲಿದ್ದ ನಂಬಿಕೆಗೆ 1958ರ ನವೆಂಬರಿನ ಒಂದು ಪಾರ್ಸೆಲ್ ಸಾಕ್ಷಿ. ಆಭರಣ ವ್ಯಾಪಾರಿ ಹ್ಯಾರಿ ವಿನ್ಸ್‌ಟನ್ ಜಗತ್ಪ್ರಸಿದ್ಧ ಹೋಪ್ ವಜ್ರವನ್ನು ಸ್ಮಿತ್ಸೋನಿಯನ್ ಸಂಸ್ಥೆಗೆ ದಾನವಾಗಿ ಕೊಟ್ಟಾಗ, ನ್ಯೂಯಾರ್ಕಿನಿಂದ ವಾಷಿಂಗ್ಟನ್ನಿಗೆ ಅದನ್ನು ನೋಂದಾಯಿತ ಅಂಚೆಯಲ್ಲೇ ಕಳುಹಿಸಿದರು. ವಿಮೆ ಸೇರಿ ತಗುಲಿದ ಖರ್ಚು 145.29 ಡಾಲರ್. ಅದರಲ್ಲಿ ಅಂಚೆಯ ದರ ಕೇವಲ 2.44 ಡಾಲರ್. ಈ ವಜ್ರ ಮೂಲತಃ ಭಾರತದ ಗೋಲ್ಕೊಂಡ ಪ್ರದೇಶದ ಗಣಿಯದು ಎಂಬುದನ್ನು ನಮ್ಮ ಓದುಗರಿಗಾಗಿ ಸೇರಿಸುತ್ತೇನೆ.

ಎಕ್ಸ್‌ಪ್ರೆಸ್ ಬೋಗಿಗಳಲ್ಲಿ ಏನೇನು ಹೋಗುತ್ತಿತ್ತು?

ಕಾಯಲಾರದ್ದೆಲ್ಲವೂ. ಸ್ಟ್ರಾಬೆರಿ, ಚೆರ್ರಿ, ಮೀನು, ಕತ್ತರಿಸಿದ ಹೂವು, ಚಿತ್ರಮಂದಿರಗಳಿಗೆ ಹೋಗುವ ಸಿನಿಮಾ ರೀಲುಗಳ ಡಬ್ಬಿಗಳು, ಕೆಟ್ಟು ನಿಂತ ಯಂತ್ರಕ್ಕೆ ಬೇಕಾದ ಬಿಡಿಭಾಗ, ಬ್ಯಾಂಕಿನ ಹಣ, ನಾಯಿ, ಪಂದ್ಯದ ಕುದುರೆ. ಕುದುರೆಗಳಿಗೆ ಕೊಟ್ಟಿಗೆಯಂತೆ ವಿಭಾಗ ಮಾಡಿದ ಪ್ರತ್ಯೇಕ ಬೋಗಿಗಳಿದ್ದವು. ಜೊತೆಗೆ ನೋಡಿಕೊಳ್ಳುವವರೂ ಪಯಣಿಸುತ್ತಿದ್ದರು. ಊರಿಗೆ ಮರಳುವ ಮೃತದೇಹಗಳೂ ಈ ಮುಂಭಾಗದ ಬೋಗಿಗಳಲ್ಲೇ ಬರುತ್ತಿದ್ದವು. ಒಂದು ದಿನದ ಕೋಳಿಮರಿಗಳು ಮಾತ್ರ 1918ರಿಂದ ಅಂಚೆ ಪಾರ್ಸೆಲ್ಲಿನಲ್ಲೂ ಹೋಗಬಹುದಿತ್ತು.

ಹಣ್ಣು ಮತ್ತು ಮೀನಿಗಾಗಿ ಮಂಜುಗಡ್ಡೆ ತುಂಬುವ ಶೀತಲ ಬೋಗಿಗಳಿದ್ದವು. ಇವು ಸರಕು ರೈಲಿನ ಬೋಗಿಗಳಂತೆ ಕಂಡರೂ ಪ್ರಯಾಣಿಕರ ರೈಲಿನ ವೇಗ ತಾಳುವ ಗಾಲಿಚೌಕಟ್ಟುಗಳೂ, ಹಿಂದಿನ ಬೋಗಿಗಳನ್ನು ಬಿಸಿಯಾಗಿಡುವ ಹಬೆಯನ್ನು ದಾಟಿಸುವ ಕೊಳವೆಯೂ ಇರುತ್ತಿದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರ ಸಾಗಣೆಗಾಗಿ ಪುಲ್‌ಮನ್ ಕಂಪನಿ 2,400 ಮಲಗುವ ಬೋಗಿಗಳನ್ನು ತರಾತುರಿಯಲ್ಲಿ ಕಟ್ಟಿತ್ತು. ಶಾಂತಿ ಬಂದ ಮೇಲೆ ಅವುಗಳಲ್ಲಿ ಅನೇಕವು ಎಕ್ಸ್‌ಪ್ರೆಸ್ ಮತ್ತು ಶೀತಲ ಬೋಗಿಗಳಾಗಿ ಎರಡನೆಯ ಜೀವನ ನಡೆಸಿದವು.

ಹೆಸರಾದ ಮೇಲ್ ರೈಲುಗಳು ಯಾವುವು?

ನ್ಯೂಯಾರ್ಕ್–ಷಿಕಾಗೋ ನಡುವಿನ ಫಾಸ್ಟ್ ಮೇಲ್ 1875ರಲ್ಲಿ ಆರಂಭವಾಯಿತು. ಬರ್ಲಿಂಗ್‌ಟನ್ ರೈಲ್ವೆ 1884ರಿಂದ ಷಿಕಾಗೋದ ಅಂಚೆಯನ್ನು ಮಿಸೌರಿ ನದಿಯವರೆಗೆ ಒಯ್ದಿತು. ಗ್ರೇಟ್ ನಾರ್ದರ್ನ್‌ನ ಫಾಸ್ಟ್ ಮೇಲ್ ಸೇಂಟ್ ಪಾಲ್‌ನಿಂದ ರಾಕಿ ಪರ್ವತಗಳನ್ನೂ ಕ್ಯಾಸ್ಕೇಡ್ ಬೆಟ್ಟಗಳನ್ನೂ ದಾಟಿ ಸಿಯಾಟಲ್ ಸೇರುತ್ತಿತ್ತು. ಸಾಂಟಾ ಫೇ ರೈಲ್ವೆಯ 7 ಮತ್ತು 8ನೇ ಸಂಖ್ಯೆಯ ರೈಲುಗಳು ಷಿಕಾಗೋ ಮತ್ತು ಲಾಸ್ ಏಂಜಲೀಸ್ ನಡುವೆ ಓಡುತ್ತಿದ್ದವು. ಜಾಹೀರಾತುಗಳಲ್ಲಿ ಇವುಗಳಿಗೆ ಜಾಗವಿರಲಿಲ್ಲ. ಹೊರಡುವ ಹೊತ್ತೂ ಪ್ರಯಾಣಿಕರಿಗೆ ಒಗ್ಗುವಂಥದ್ದಲ್ಲ, ಅಂಚೆಗೆ ಒಗ್ಗುವಂಥದ್ದು.

ರೈಲ್ವೆಗಳಿಗೆ ಹಣ ಹೇಗೆ ಸಂದಾಯವಾಗುತ್ತಿತ್ತು?

ಮೊದಲು ತೂಕದ ಮೇಲೆ. 1916ರ ಕಾನೂನಿನ ನಂತರ ಜಾಗದ ಮೇಲೆ. ಅಂಚೆ ಇಲಾಖೆ ಒಂದು ರೈಲಿನಲ್ಲಿ ಇಷ್ಟು ಅಡಿ ಜಾಗ ಬೇಕು ಎಂದು ನಿಗದಿ ಮಾಡಿ, ಓಡಿದ ಮೈಲಿಗಳಿಗೆ ತಕ್ಕಂತೆ ಕೊಡುತ್ತಿತ್ತು. ದರವನ್ನು ತೀರ್ಮಾನಿಸುತ್ತಿದ್ದುದು ಅಂತರರಾಜ್ಯ ವಾಣಿಜ್ಯ ಆಯೋಗ. ಪ್ರಯಾಣಿಕರು ಬರಲಿ ಬಿಡಲಿ, ಈ ಆದಾಯ ಪ್ರತಿದಿನ ಖಚಿತ. ಒಂದು ಮಾರ್ಗದ ವೇಳಾಪಟ್ಟಿಗೆ ಬೆನ್ನೆಲುಬು ಕೊಟ್ಟದ್ದು ಈ ಖಚಿತತೆ.

ಹಾಗಾದರೆ ಪ್ರಯಾಣಿಕರ ರೈಲುಗಳು ಅಂಚೆಯ ಹಣದಲ್ಲಿ ಬದುಕಿದ್ದವೇ?

ಎಲ್ಲವೂ ಅಲ್ಲ, ಆದರೆ ಬಹಳಷ್ಟು. ಯುದ್ಧದ ನಂತರ ಜನ ಕಾರಿಗೂ ವಿಮಾನಕ್ಕೂ ತಿರುಗಿದರು. ಪ್ರಸಿದ್ಧ ರೈಲುಗಳು ಕೆಲಕಾಲ ತುಂಬಿ ಓಡಿದವು. ಆದರೆ ಸಣ್ಣ ಪಟ್ಟಣಗಳನ್ನು ಮುಟ್ಟುತ್ತ ಸಾಗುವ, ಹೆಸರೇ ಇಲ್ಲದ ಸಂಖ್ಯೆಯ ರೈಲುಗಳಲ್ಲಿ ಹಿಂದೆ ಒಂದೋ ಎರಡೋ ಪ್ರಯಾಣಿಕರ ಬೋಗಿ, ಮುಂದೆ ಅಂಚೆ ಮತ್ತು ಎಕ್ಸ್‌ಪ್ರೆಸ್ ಬೋಗಿಗಳ ಉದ್ದನೆಯ ಸಾಲು ಎಂಬ ಸ್ಥಿತಿ ಬಂತು. ಹೊಲಗಳ ನಡುವಿನ ಊರಿನ ಹುಡುಗಿ ಕಾಲೇಜಿಗೆ ಹೋಗಲು, ಮುದುಕರು ದೊಡ್ಡಾಸ್ಪತ್ರೆಗೆ ಹೋಗಲು ಆ ಒಂದು ಬೋಗಿಯೇ ಗತಿ. ಅವರ ಟಿಕೆಟ್ಟಿನ ಹಣದಲ್ಲಿ ಇಂಜಿನ್ನಿಗೆ ಎಣ್ಣೆ ಹಾಕುವುದೂ ಆಗುತ್ತಿರಲಿಲ್ಲ.

ಅದೇ ಅಂಚೆ ಪ್ರಯಾಣಿಕರಿಗೆ ತೊಂದರೆಯನ್ನೂ ಕೊಟ್ಟಿತು. ನಿಲ್ದಾಣದಲ್ಲಿ ಕೈಗಾಡಿಗಳ ಸಾಲು ಖಾಲಿಯಾಗುವವರೆಗೆ ರೈಲು ನಿಲ್ಲಬೇಕು. ಕೂಡುನಿಲ್ದಾಣಗಳಲ್ಲಿ ಬೋಗಿಗಳನ್ನು ಬಿಚ್ಚಿ ಜೋಡಿಸುವ ಕುಲುಕಾಟ. ಕ್ರಿಸ್‌ಮಸ್ ಹತ್ತಿರವಾದಾಗ ಪಾರ್ಸೆಲ್‌ಗಳ ರಾಶಿಯಿಂದ ವಿಳಂಬ. ಕಿಟಕಿಯಿಂದ ಬೇಸರದಿಂದ ನೋಡುತ್ತಿದ್ದವರಿಗೆ ತಮ್ಮ ರೈಲನ್ನು ಓಡಿಸುತ್ತಿರುವುದೇ ಆ ಚೀಲಗಳು ಎಂದು ಯಾರೂ ಹೇಳಿರಲಿಲ್ಲ.

ದೊಡ್ಡ ಅಂಚೆ ಕಚೇರಿಗಳೆಲ್ಲ ರೈಲು ನಿಲ್ದಾಣದ ಪಕ್ಕದಲ್ಲೇ ಏಕೆ ಇವೆ?

ಚೀಲಗಳು ಬೀದಿಗಿಳಿಯದೆ ನೇರವಾಗಿ ಹಳಿಗೆ ಇಳಿಯಲೆಂದು. 1914ರಲ್ಲಿ ತೆರೆದ ನ್ಯೂಯಾರ್ಕಿನ ಪ್ರಧಾನ ಅಂಚೆ ಕಚೇರಿ ಪೆನ್ಸಿಲ್ವೇನಿಯಾ ನಿಲ್ದಾಣದ ಹಳಿಗಳ ಮೇಲೆಯೇ ನಿಂತಿದೆ. ಷಿಕಾಗೋದ ಬೃಹತ್ ಹಳೆಯ ಅಂಚೆ ಕಟ್ಟಡದ ಅಡಿಯಲ್ಲಿ ಯೂನಿಯನ್ ನಿಲ್ದಾಣದ ಹಳಿಗಳು ಹಾದುಹೋಗುತ್ತವೆ. ಸಿಯರ್ಸ್, ಮಾಂಟ್‌ಗೊಮೆರಿ ವಾರ್ಡ್‌ನಂಥ ಅಂಚೆ ಮೂಲಕ ಮಾರುತ್ತಿದ್ದ ಮಳಿಗೆಗಳ ತವರು ಷಿಕಾಗೋ. ಅಂಚೆ ಪಾರ್ಸೆಲ್ ಸೇವೆ 1913ರಲ್ಲಿ ಆರಂಭವಾದ ಮೇಲೆ ಅಲ್ಲಿಂದ ಹೊರಟ ಬಟ್ಟೆ, ಬೂಟು, ಬೇಸಾಯದ ಸಾಮಾನುಗಳು ದೇಶದ ಮೂಲೆಮೂಲೆಗೂ ಹೋದವು.

ಇಷ್ಟು ದೊಡ್ಡ ವ್ಯವಸ್ಥೆ ಮುಗಿದದ್ದು ಹೇಗೆ?

ಒಂದೇ ಏಟಿಗಲ್ಲ. 1930ರಲ್ಲಿ 10,000ಕ್ಕೂ ಹೆಚ್ಚು ರೈಲುಗಳು ಅಂಚೆ ಹೊರುತ್ತಿದ್ದವು. 1948ರಲ್ಲಿ 794 ರೈಲ್ವೇ ಪೋಸ್ಟ್ ಆಫೀಸ್ ಮಾರ್ಗಗಳಿದ್ದವು. 1962ರ ಆರಂಭಕ್ಕೆ ಉಳಿದದ್ದು 262.

ಸಣ್ಣ ಮಾರ್ಗಗಳಲ್ಲಿ ರೈಲು ನಿಂತಾಗ ಅಂಚೆ ಇಲಾಖೆ ಬೇರೆ ದಾರಿ ಹುಡುಕಲೇಬೇಕಾಯಿತು. 1941ರಲ್ಲಿ ವಾಷಿಂಗ್ಟನ್ ಮತ್ತು ವರ್ಜೀನಿಯಾದ ಹ್ಯಾರಿಸನ್‌ಬರ್ಗ್ ನಡುವೆ ಬಸ್ಸಿನೊಳಗೇ ವಿಂಗಡಣೆ ಮಾಡುವ ಹೆದ್ದಾರಿ ಅಂಚೆ ಕಚೇರಿ ಓಡಿತು. 1953ರಲ್ಲಿ ನ್ಯೂಯಾರ್ಕ್–ಷಿಕಾಗೋ, ವಾಷಿಂಗ್ಟನ್–ಷಿಕಾಗೋ ನಡುವೆ ಮೂರು ಸೆಂಟಿನ ಸಾಮಾನ್ಯ ಕಾಗದವನ್ನೂ ವಿಮಾನಕ್ಕೇರಿಸುವ ಪ್ರಯೋಗ ನಡೆಯಿತು. 1956ರ ಕಾನೂನು ಅಂತರರಾಜ್ಯ ಹೆದ್ದಾರಿಗಳಿಗೆ ಹಣ ಸುರಿಯಿತು. 1958ರ ಸಾರಿಗೆ ಕಾಯ್ದೆ ರೈಲ್ವೆಗಳಿಗೆ ನಷ್ಟದ ಪ್ರಯಾಣಿಕರ ರೈಲುಗಳನ್ನು ನಿಲ್ಲಿಸುವ ದಾರಿಯನ್ನು ಸಲೀಸು ಮಾಡಿತು. ರೈಲು ನಿಂತರೆ ಅಂಚೆ ರಸ್ತೆಗೆ ಹೋಯಿತು. ಅಂಚೆ ಹೋದರೆ ಮುಂದಿನ ರೈಲು ನಷ್ಟಕ್ಕೆ ಬಿತ್ತು. ಈ ಸುಳಿ ಒಮ್ಮೆ ತಿರುಗಿದ ಮೇಲೆ ನಿಲ್ಲಲಿಲ್ಲ.

1963ರ ಜುಲೈ 1ರಂದು ಬಂದ ಜಿಪ್ ಕೋಡ್ ಬುಡಕ್ಕೇ ಕೈ ಹಾಕಿತು. ಐದು ಅಂಕಿಗಳು ವಿಳಾಸದ ಮೇಲೆ ಬಂದಾಗ ಊರುಗಳನ್ನು ಬಾಯಿಪಾಠ ಮಾಡಿದ ಗುಮಾಸ್ತನ ವಿದ್ಯೆಗೆ ಬೆಲೆ ಕಡಿಮೆಯಾಯಿತು. ವಿಂಗಡಣೆ ಪ್ರಾದೇಶಿಕ ಕೇಂದ್ರಗಳಿಗೆ, ಯಂತ್ರಗಳ ಕೈಗೆ ಹೋಯಿತು. ಕೇಂದ್ರದಿಂದ ಕೇಂದ್ರಕ್ಕೆ ಚೀಲ ಹೊರಲು ಲಾರಿ ಮತ್ತು ವಿಮಾನ ಸಾಕಾದವು.

1967ರ ಬಗ್ಗೆ ಅಷ್ಟೊಂದು ಮಾತೇಕೆ?

ಆ ವರ್ಷದ ಶರತ್ಕಾಲದಲ್ಲಿ ಅಂಚೆ ಇಲಾಖೆ ಉಳಿದಿದ್ದ ರೈಲ್ವೇ ಪೋಸ್ಟ್ ಆಫೀಸ್ ಬೋಗಿಗಳಲ್ಲಿ ಬಹುಪಾಲನ್ನು ಕಳಚಿತು. ಪ್ರಯಾಣಿಕರ ಸೇವೆಯಲ್ಲಿ ಕೊನೆಯವರೆಗೂ ಶ್ರದ್ಧೆ ಇಟ್ಟಿದ್ದ ಸಾಂಟಾ ಫೇ ಕೂಡ ತನ್ನ ಹೆಚ್ಚಿನ ರೈಲುಗಳನ್ನು ನಿಲ್ಲಿಸುವುದಾಗಿ ಸಾರಿತು. ಅದರ ಪ್ರಸಿದ್ಧ ‘ಚೀಫ್’ ರೈಲು 1968ರಲ್ಲಿ ನಿಂತಿತು. ದೇಶದಾದ್ಯಂತ ರೈಲುಗಳನ್ನು ನಿಲ್ಲಿಸುವ ಅರ್ಜಿಗಳು ಒಂದರ ಹಿಂದೊಂದು ಅಂತರರಾಜ್ಯ ವಾಣಿಜ್ಯ ಆಯೋಗದ ಮುಂದೆ ಬಂದವು.

1971ರ ಏಪ್ರಿಲ್ 30ರಂದು ಉಳಿದಿದ್ದ ಎಂಟು ರೈಲ್ವೇ ಪೋಸ್ಟ್ ಆಫೀಸ್ ಮಾರ್ಗಗಳಲ್ಲಿ ಏಳು ಕೊನೆಗೊಂಡವು. ಮರುದಿನ, ಮೇ 1ರಂದು, ಪ್ರಯಾಣಿಕರ ರೈಲುಗಳನ್ನು ನಡೆಸಲು ಆಮ್‌ಟ್ರ್ಯಾಕ್ ಆರಂಭವಾಯಿತು. ಕೊನೆಯದಾಗಿ ಉಳಿದ ನ್ಯೂಯಾರ್ಕ್–ವಾಷಿಂಗ್ಟನ್ ಮಾರ್ಗ 1977ರ ಜೂನ್ 30ರವರೆಗೆ ನಡೆಯಿತು.

ರೈಲ್ವೆಗಳು ಅಂಚೆಯನ್ನು ಉಳಿಸಿಕೊಳ್ಳಲು ಪ್ರಯತ್ನಿಸಲಿಲ್ಲವೇ?

ಪ್ರಯತ್ನಿಸಿದವು. ನ್ಯೂಯಾರ್ಕ್ ಸೆಂಟ್ರಲ್ 1950ರ ದಶಕದ ಕೊನೆಯಲ್ಲಿ ಫ್ಲೆಕ್ಸಿ-ವ್ಯಾನ್ ಎಂಬ ಪದ್ಧತಿ ತಂದಿತು. ಲಾರಿಯ ಪೆಟ್ಟಿಗೆ ಗಾಲಿಗಳನ್ನು ಕೆಳಗೆ ಬಿಟ್ಟು, ತಿರುಗುವ ತಟ್ಟೆಯ ಮೇಲೆ ಜಾರಿ ಚಪ್ಪಟೆ ಬೋಗಿಯ ಮೇಲೆ ಕೂರುತ್ತಿತ್ತು. ಇಂದಿನ ಕಂಟೇನರ್ ಸಾಗಣೆಯ ಹತ್ತಿರದ ಬಂಧು ಅದು, ಮತ್ತು ಅದರಲ್ಲಿ ಅಂಚೆಯೂ ಹೋಗುತ್ತಿತ್ತು. ಸಾಂಟಾ ಫೇ 1968ರ ಜನವರಿಯಲ್ಲಿ ಆರಂಭಿಸಿದ ‘ಸೂಪರ್ ಸಿ’ ಎಂಬ ಸರಕು ರೈಲು ಷಿಕಾಗೋದಿಂದ ಲಾಸ್ ಏಂಜಲೀಸ್‌ಗೆ ಸುಮಾರು 2,200 ಮೈಲಿಯನ್ನು 40 ಗಂಟೆಗಳಲ್ಲಿ ಮುಟ್ಟುತ್ತಿತ್ತು. ಅಂಚೆ ಗುತ್ತಿಗೆ ಕೈತಪ್ಪಿದಾಗ, 1976ರಲ್ಲಿ, ಅದೂ ನಿಂತಿತು.

ಎಕ್ಸ್‌ಪ್ರೆಸ್ ಏಜೆನ್ಸಿ ಏನಾಯಿತು?

ಅದನ್ನು ಉಳಿಸಲು ಸಂಸತ್ತೇ ಮುಂದೆ ಬಂದಿತ್ತು. 1951ರ ಕಾನೂನು ದೊಡ್ಡ ಅಂಚೆ ಕಚೇರಿಗಳ ನಡುವಿನ ಪಾರ್ಸೆಲ್ಲಿನ ತೂಕದ ಮಿತಿಯನ್ನು 70 ಪೌಂಡಿನಿಂದ ಹತ್ತಿರಕ್ಕೆ 40ಕ್ಕೂ ದೂರಕ್ಕೆ 20ಕ್ಕೂ ಇಳಿಸಿತು. ಭಾರದ ಸಾಮಾನು ಎಕ್ಸ್‌ಪ್ರೆಸ್‌ಗೆ ಬರಲಿ ಎಂಬುದು ಉದ್ದೇಶ. ಆದರೆ ಬಂದದ್ದು ಲಾರಿ ಕಂಪನಿಗಳಿಗೂ ಯುನೈಟೆಡ್ ಪಾರ್ಸೆಲ್ ಸರ್ವಿಸ್‌ಗೂ ಅನುಕೂಲ. ಏಜೆನ್ಸಿ 1960ರಲ್ಲಿ ಆರ್‌ಇಎ ಎಕ್ಸ್‌ಪ್ರೆಸ್ ಎಂದು ಹೆಸರು ಬದಲಿಸಿ ಲಾರಿಗಳತ್ತ ತಿರುಗಿತು. 1975ರಲ್ಲಿ ದಿವಾಳಿಯಾಯಿತು.

ತಪ್ಪು ಯಾರದು, ಅಂಚೆ ಇಲಾಖೆಯದೋ ರೈಲ್ವೆಗಳದೋ?

ಇಲಾಖೆಗೆ ಅಂಚೆಯ ಪ್ರಮಾಣ ಬೆಳೆಯುತ್ತಲೇ ಇತ್ತು, ರೈಲುಗಳು ಕಡಿಮೆಯಾಗುತ್ತಲೇ ಇದ್ದವು. ದಿನಕ್ಕೆ ಒಂದೇ ರೈಲು ಉಳಿದ ಮಾರ್ಗವನ್ನು ನಂಬಿ ಅಂಚೆ ನಡೆಸಲಾಗದು. ಹಾಗಾಗಿ ಅದನ್ನು ಪೂರ್ತಿ ದೂಷಿಸಲಾರೆ. ರೈಲ್ವೆಗಳಲ್ಲಿ ಕೆಲವು ಪ್ರಯಾಣಿಕರ ಸೇವೆಯಿಂದ ಪಾರಾಗಲು ಅಂಚೆಯ ನಷ್ಟವನ್ನು ಸ್ವಾಗತಿಸಿದಂತೆಯೇ ನಡೆದುಕೊಂಡವು. ನನ್ನ ದೃಷ್ಟಿಯಲ್ಲಿ ದೊಡ್ಡ ಲೋಪ ಸಂಸತ್ತಿನದು. ಹೆದ್ದಾರಿಗೂ ವಿಮಾನ ನಿಲ್ದಾಣಗಳಿಗೂ ಸಾರ್ವಜನಿಕ ಹಣ ಕೊಟ್ಟ ಸರ್ಕಾರ, ಅಂಚೆಯ ಗುತ್ತಿಗೆಯ ಮೇಲೆ ಸಣ್ಣ ಊರುಗಳ ಪ್ರಯಾಣವೂ ನಿಂತಿದೆ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಎರಡು ಸೇವೆಗಳು ಒಂದೇ ಹಳಿಯ ಮೇಲೆ ಇದ್ದಾಗ ಒಂದರ ಖರ್ಚನ್ನು ಮಾತ್ರ ನೋಡಿ ತೀರ್ಮಾನಿಸಿದರು.

ಭಾರತದ ಆರ್‌ಎಂಎಸ್‌ಗೂ (ರೈಲ್ವೇ ಮೇಲ್ ಸರ್ವಿಸ್) ಇದಕ್ಕೂ ನಂಟಿದೆಯೇ?

ಎರಡೂ ಬೇರೆ ಬೇರೆ ಬೆಳೆದವು. ರೈಲಿನಲ್ಲಿ ವಿಂಗಡಣೆ 1838ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾಗಿ, 1863ರಲ್ಲಿ ಅಲಹಾಬಾದ್–ಕಾನ್ಪುರ ನಡುವೆ ಭಾರತಕ್ಕೆ ಬಂತು. ರೈಲ್ವೇ ಮೇಲ್ ಸರ್ವಿಸ್ ಎಂಬ ಹೆಸರು ಅಮೆರಿಕದಲ್ಲೂ ಇತ್ತು. 1949ರಲ್ಲಿ ಅಲ್ಲಿ ಅದನ್ನು ಪೋಸ್ಟಲ್ ಟ್ರಾನ್ಸ್‌ಪೋರ್ಟೇಷನ್ ಸರ್ವಿಸ್ ಎಂದು ಬದಲಿಸಿದರು. ಬೆಂಗಳೂರು, ಹುಬ್ಬಳ್ಳಿಗಳ ಆರ್‌ಎಂಎಸ್ ಕಚೇರಿಗಳನ್ನು ಬಲ್ಲವರಿಗೆ ಅಮೆರಿಕದ ಗುಮಾಸ್ತರ ದಿನಚರಿ ಅಪರಿಚಿತ ಎನ್ನಿಸದು.

ಹಳೆಯ ಚಿತ್ರಗಳಲ್ಲಿ ಅಂಚೆ ಬೋಗಿಯನ್ನು ಗುರುತಿಸುವುದು ಹೇಗೆ?

ಬಾಗಿಲಿಗೆ ಅಡ್ಡಲಾಗಿರುವ ಕೊಕ್ಕೆಯನ್ನು ನೋಡಿ. ಸಣ್ಣ, ಎತ್ತರದಲ್ಲಿರುವ ಕಿಟಕಿಗಳು, ಪಕ್ಕದಲ್ಲಿ ‘ರೈಲ್ವೇ ಪೋಸ್ಟ್ ಆಫೀಸ್’ ಎಂಬ ಬರಹ ಇದ್ದರೆ ಅನುಮಾನವೇ ಇಲ್ಲ. ದೊಡ್ಡ ಸರಿಯುವ ಬಾಗಿಲುಗಳಿದ್ದು ಕೊಕ್ಕೆ ಇಲ್ಲದಿದ್ದರೆ ಸರಂಜಾಮಿನ ಅಥವಾ ಎಕ್ಸ್‌ಪ್ರೆಸ್ ಬೋಗಿ. ಛಾವಣಿಯ ಮೂಲೆಗಳಲ್ಲಿ ಮಂಜುಗಡ್ಡೆ ಸುರಿಯುವ ಮುಚ್ಚಳಗಳಿದ್ದರೆ ಶೀತಲ ಬೋಗಿ.

ಇಂದು ಇದನ್ನೆಲ್ಲ ಎಲ್ಲಿ ನೋಡಬಹುದು?

ವಾಷಿಂಗ್ಟನ್ನಿನ ಯೂನಿಯನ್ ನಿಲ್ದಾಣದ ಪಕ್ಕದ ಹಳೆಯ ನಗರ ಅಂಚೆ ಕಚೇರಿಯಲ್ಲೇ ಈಗ ರಾಷ್ಟ್ರೀಯ ಅಂಚೆ ವಸ್ತುಸಂಗ್ರಹಾಲಯವಿದೆ. ಅಂಚೆ ಬೋಗಿಗಳಲ್ಲಿ ದೇಶ ಸುತ್ತಿ, ಗುಮಾಸ್ತರು ಕಟ್ಟಿದ ಬಿಲ್ಲೆಗಳಿಂದ ಪ್ರಸಿದ್ಧನಾಗಿ, 1897ರಲ್ಲಿ ಸತ್ತ ಓನಿ ಎಂಬ ನಾಯಿಯ ದೇಹವನ್ನೂ ಅಲ್ಲಿ ಕಾಪಾಡಿಟ್ಟಿದ್ದಾರೆ.

ಅಷ್ಟು ದೂರ ಹೋಗಲಾಗದವರಿಗೆ ಇನ್ನೊಂದು ದಾರಿ ಇದೆ. ಅಂಚೆಚೀಟಿ ಸಂಗ್ರಹಿಸುವವರ ಬಳಿ ಆ ಕಾಲದ ಅಮೆರಿಕದ ಲಕೋಟೆಗಳಿದ್ದರೆ ಮುದ್ರೆಯನ್ನು ಗಮನವಿಟ್ಟು ಓದಿ. ಒಂದರ ಬದಲು ಎರಡು ಊರುಗಳ ಹೆಸರಿದ್ದರೆ ಅದು ಓಡುವ ರೈಲಿನಲ್ಲಿ ಬಿದ್ದ ಮುದ್ರೆ, ಆ ಊರುಗಳು ಮಾರ್ಗದ ಎರಡು ತುದಿಗಳು. ತಾರೀಕಿನ ಜೊತೆ ಕಾಣುವ ಅಂಕಿ ರೈಲಿನ ಸಂಖ್ಯೆ. ಪಕ್ಕದ ಅಡ್ಡಗೆರೆಗಳ ನಡುವೆ ಆರ್‌ಎಂಎಸ್ ಎಂದಿದ್ದರೆ ಸಾಮಾನ್ಯವಾಗಿ 1949ಕ್ಕಿಂತ ಹಿಂದಿನದು, ಪಿಟಿಎಸ್ ಎಂದಿದ್ದರೆ ನಂತರದ್ದು.